ಹಳೆಯ ವಿಂಟೇಜ್ ಪೋರ್ಟ್ ತೆರೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮೂವತ್ತು, ನಲವತ್ತು, ಅರವತ್ತು ವರ್ಷ ಕತ್ತಲಲ್ಲಿ ಮಲಗಿದ್ದ ವಿಂಟೇಜ್ ಪೋರ್ಟ್ ಬಾಟಲಿಯನ್ನು ಅತಿಥಿಗಳಿಗಾಗಿ ತೆರೆಯಲಿರುವವರು ಇದನ್ನು ಮುಂಚಿತವಾಗಿಯೇ ಓದಿಕೊಳ್ಳಬೇಕು. ಊಟದ ದಿನ ಓದಿದರೆ ತಡವಾಯಿತು. ಕೆಲಸ ಶುರುವಾಗುವುದು ಎರಡು ದಿನ ಮೊದಲು. ಅಷ್ಟು ವರ್ಷ ಜತನದಿಂದ ಕಾಪಾಡಿದ್ದನ್ನು ಅರ್ಧ ಗಂಟೆಯ ಅವಸರ ಕೆಡಿಸಬಲ್ಲದು. ಬಿರಡೆ ತೆಗೆದ ಮೇಲೆ ಕದಡಿಹೋದ ವೈನನ್ನು ಆ ರಾತ್ರಿಯ ಮಟ್ಟಿಗೆ ಯಾರೂ ತಿಳಿಯಾಗಿಸಲಾರರು.

ಏಕೆ ಇಷ್ಟು ಕಟ್ಟುನಿಟ್ಟು ಎಂಬುದನ್ನು ತಿಳಿದುಕೊಂಡರೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಪೋರ್ಟ್ ಪೋರ್ಚುಗಲ್ಲಿನ ಉತ್ತರದ ಡೋರು ನದಿ ಕಣಿವೆಯ ವೈನ್. 1756ರಲ್ಲಿ ಅಲ್ಲಿನ ಮಂತ್ರಿ ಪೊಂಬಾಲ್‌ನ ಆಡಳಿತ ಈ ಸೀಮೆಯ ಗಡಿ ಗುರುತಿಸಲು ತೊಡಗಿತು. ದ್ರಾಕ್ಷಿ ರಸ ಹುಳಿಯುತ್ತಿರುವಾಗ ನಡುವೆಯೇ ಶೇ. 77ರಷ್ಟು ಆಲ್ಕೊಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ಟನ್ನು ಬೆರೆಸಿ ಹುದುಗುವಿಕೆಯನ್ನು ನಿಲ್ಲಿಸುತ್ತಾರೆ. ಹಣ್ಣಿನ ಸಿಹಿ ಉಳಿದುಕೊಳ್ಳುತ್ತದೆ, ಬಲ ಶೇ. 20ರ ಆಸುಪಾಸಿಗೆ ಏರುತ್ತದೆ. ಇದರಲ್ಲಿ ವಿಂಟೇಜ್ ಎನ್ನುವುದು ಒಂದೇ ವರ್ಷದ, ಅದೂ ಒಳ್ಳೆಯ ವರ್ಷದ ಬೆಳೆಯದು. ಕೊಯ್ಲಾಗಿ ಎರಡು ಮೂರು ವರ್ಷದೊಳಗೆ ಅದನ್ನು ಸೋಸದೆ ಹಾಗೆಯೇ ಬಾಟಲಿಗೆ ತುಂಬುತ್ತಾರೆ. ಸಿಪ್ಪೆಯಿಂದ ಬಂದ ಬಣ್ಣ ಮತ್ತು ಒಗರು ಎರಡೂ ಬಾಟಲಿಯೊಳಗೇ ಉಳಿದು, ದಶಕಗಳ ಅವಧಿಯಲ್ಲಿ ಒಂದಕ್ಕೊಂದು ಕೂಡಿ, ಭಾರವಾಗಿ ತಳಕ್ಕೆ ಇಳಿಯುತ್ತವೆ. ಆ ಗಷ್ಟು ಬೇರೆಯಾದಷ್ಟೂ ಮೇಲಿನ ವೈನ್ ಮೃದುವಾಗುತ್ತದೆ. ಕಪ್ಪು ನೇರಳೆಯಾಗಿದ್ದದ್ದು ಮಾಣಿಕ್ಯದ ಕೆಂಪಿಗೆ, ಮುಂದೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಈ ತಿಳಿಯನ್ನು ಗಷ್ಟಿನಿಂದ ಬೇರೆಯಾಗಿ ಲೋಟಕ್ಕೆ ತಲುಪಿಸುವುದು ನಿಮ್ಮ ಕೆಲಸ. ಗಷ್ಟು ವಿಷವೇನಲ್ಲ; ಆದರೆ ಕಹಿ, ಮರಳು ಮರಳು. ಒಂದು ಲೋಟದಲ್ಲಿ ಸ್ವಲ್ಪ ಬಿದ್ದರೂ ಆ ವೈನಿನ ನಯ ಹೋಯಿತು.

ಮೊದಲು ಬಾಟಲಿ ಯಾವುದೆಂದು ನೋಡಿಕೊಳ್ಳಿ

ಚೀಟಿಯ ಮೇಲೆ ಇಸವಿ ಕಂಡ ಮಾತ್ರಕ್ಕೆ ಅದು ವಿಂಟೇಜ್ ಎಂದು ತೀರ್ಮಾನಿಸಬೇಡಿ. ಟಾನಿ ಪೋರ್ಟ್ ಮರದ ಪೀಪಾಯಿಯಲ್ಲಿ ಹಣ್ಣಾದದ್ದು. 10, 20, 30, 40 ವರ್ಷ ಎಂದು ಬರೆದಿರುತ್ತದೆ. ಅದರಲ್ಲಿ ಒಂದೇ ವರ್ಷದ್ದನ್ನು ಕೊಲ್ಯೇಟಾ ಎನ್ನುತ್ತಾರೆ. ಅದು ಕನಿಷ್ಠ 7 ವರ್ಷ ಮರದಲ್ಲಿ ಕಳೆದಿರಬೇಕು, ಅದರ ಮೇಲೆಯೂ ಇಸವಿ ಇರುತ್ತದೆ. ಇವುಗಳ ಗಷ್ಟು ಪೀಪಾಯಿಯಲ್ಲೇ ಉಳಿದುಬಿಟ್ಟಿದೆ, ಬಸಿಯುವ ಅಗತ್ಯವಿಲ್ಲ. ಲೇಟ್ ಬಾಟಲ್ಡ್ ವಿಂಟೇಜ್ ಎಂಬುದು ನಾಲ್ಕರಿಂದ ಆರು ವರ್ಷ ಪೀಪಾಯಿಯಲ್ಲಿದ್ದು ಬಂದದ್ದು. ಅದರಲ್ಲಿ ಸೋಸಿದ್ದೂ ಉಂಟು, ಸೋಸದ್ದೂ ಉಂಟು. ಸೋಸದ್ದಾದರೆ ಇಲ್ಲಿನ ನಿಯಮಗಳು ಅದಕ್ಕೂ ಅನ್ವಯ. ಬಿರಡೆಯಿಂದಲೂ ಸುಳಿವು ಸಿಗುತ್ತದೆ. ಕೈಯಲ್ಲೇ ತಿರುಗಿಸಿ ತೆಗೆಯುವಂತೆ ತಲೆಯ ಮೇಲೆ ಪ್ಲಾಸ್ಟಿಕ್ ಹಿಡಿ ಇದ್ದರೆ ಅದು ಹಳೆಯ ವಿಂಟೇಜ್ ಅಲ್ಲ. ವಿಂಟೇಜಿಗೆ ಉದ್ದನೆಯ, ಪೂರ್ತಿ ಒಳಗಿಳಿದ ಬಿರಡೆ.

ಗೋವಾದಲ್ಲಿಯೂ ನಮ್ಮಲ್ಲಿಯೂ ಪೋರ್ಟ್ ವೈನ್ ಎಂದು ಮಾರುವ ಸಿಹಿ ವೈನಿಗೆ ಇದಾವುದೂ ಬೇಕಿಲ್ಲ. ತಣ್ಣಗೆ ಮಾಡಿ ಕುಡಿಯಲು ಇಷ್ಟವಿದ್ದವರು ಕುಡಿಯಲಿ. ಡೋರು ಕಣಿವೆಯ ವೈನಿಗೂ ಅದಕ್ಕೂ ಇರುವ ನಂಟು ಹೆಸರಿನದಷ್ಟೇ.

ತುಂಬಾ ಹಳೆಯ ಬಾಟಲಿಯಲ್ಲಿ ಚೀಟಿಯೇ ಇಲ್ಲದಿದ್ದರೆ ಗಾಬರಿ ಬೇಡ, ಎಸೆಯಲೂ ಬೇಡಿ. 1970ರ ದಶಕದ ತನಕ ಎಷ್ಟೋ ವಿಂಟೇಜ್ ಪೋರ್ಟ್ ಪೀಪಾಯಿಯಲ್ಲೇ ಬ್ರಿಟನ್ನಿಗೆ ಹೋಗಿ, ಅಲ್ಲಿನ ವ್ಯಾಪಾರಿಗಳ ಕೈಯಲ್ಲಿ ಬಾಟಲಿಗೆ ಇಳಿಯುತ್ತಿತ್ತು. ನೆಲಮಾಳಿಗೆಯ ತೇವಕ್ಕೆ ಚೀಟಿ ಕಳಚಿ ಬಿದ್ದಿರುತ್ತದೆ, ಇಲ್ಲವೇ ಅಂಟಿಸಿಯೇ ಇರುವುದಿಲ್ಲ. ತಯಾರಕರ ಹೆಸರು ಮತ್ತು ಇಸವಿಯನ್ನು ಬಿರಡೆಯ ಮೈಮೇಲೆ ಸುಟ್ಟು ಅಚ್ಚೊತ್ತಿರುತ್ತಾರೆ. ಬಾಯಿಯ ಅರಗಿನ ಮುದ್ರೆಯಲ್ಲೂ ಇರಬಹುದು. ಹಾಗಾಗಿ ಅರಗನ್ನು ಸುತ್ತಿಗೆಯಲ್ಲಿ ಕುಟ್ಟಿ ಪುಡಿ ಮಾಡುವುದಾಗಲಿ, ಬಿರಡೆಯ ಚೂರುಗಳನ್ನು ಕಸಕ್ಕೆ ಎಸೆಯುವುದಾಗಲಿ ಕೂಡದು. ಚೂರಾದರೂ ಜೋಡಿಸಿ ತಟ್ಟೆಯಲ್ಲಿಡಿ. ಕುಡಿಯುತ್ತಿರುವುದು 1963ರದೋ 1977ರದೋ ಎಂಬುದಕ್ಕೆ ಅತಿಥಿಗಳ ಎದುರು ನಿಮ್ಮಲ್ಲಿರುವ ಸಾಕ್ಷಿ ಅದೊಂದೇ ಆಗಿರಬಹುದು.

ವೈನಿನ ಮಟ್ಟವನ್ನೂ ನೋಡಿ. ಕುತ್ತಿಗೆಯ ಬುಡದವರೆಗೆ ಇದ್ದರೆ ಸರಿ. ಹೆಗಲಿಗಿಂತ ಎಷ್ಟೋ ಕೆಳಗೆ ಇಳಿದಿದ್ದರೆ ಬಿರಡೆಯ ಮೂಲಕ ಗಾಳಿ ಒಳಹೊಕ್ಕಿದೆ ಎಂದು ಶಂಕಿಸಿ, ಬೇರೆ ಬಾಟಲಿಯೊಂದನ್ನು ಪಕ್ಕಕ್ಕಿಟ್ಟುಕೊಳ್ಳಿ. ಮಟ್ಟ ಸರಿಯಾಗಿದ್ದರೂ ಇನ್ನೊಂದು ಇಟ್ಟುಕೊಳ್ಳುವುದೇ ಒಳ್ಳೆಯದು. ಇಪ್ಪತ್ತು ವರ್ಷದ ಟಾನಿ ಇದ್ದರೆ ಸಾಕು, ಅದಕ್ಕೆ ಯಾವ ಸಿದ್ಧತೆಯೂ ಬೇಡ.

ಎರಡು ದಿನ ಮೊದಲು

ಮಲಗಿದ್ದ ಬಾಟಲಿಯನ್ನು ಎಬ್ಬಿಸಿ ನೆಟ್ಟಗೆ ನಿಲ್ಲಿಸಿ. 24 ಗಂಟೆ ಕನಿಷ್ಠ; 48 ಗಂಟೆ ನನ್ನ ನಿಯಮ. ಹಳೆಯ ಬಾಟಲಿಗಳ ಮೇಲೆ ಒಂದು ಬದಿಗೆ ಸುಣ್ಣದ ಬಿಳಿ ಮಚ್ಚೆ ಇರುತ್ತದೆ. ಮಲಗಿಸುವಾಗ ಆ ಮಚ್ಚೆ ಯಾವಾಗಲೂ ಮೇಲಿರಬೇಕೆಂದು ಹಾಕಿದ ಗುರುತು ಅದು. ಹಾಗಿದ್ದರೆ ಗಷ್ಟು ಎದುರು ಬದಿಯಲ್ಲಿ ಒಂದೇ ಪದರವಾಗಿ ಕಟ್ಟಿಕೊಂಡಿರುತ್ತದೆ. ಬಾಟಲಿಯನ್ನು ಎಬ್ಬಿಸುವಾಗ ನಿಧಾನವಾಗಿ, ತಿರುಗಿಸದೆ ಎಬ್ಬಿಸಿ. ಇಟ್ಟ ಮೇಲೆ ಬಸಿಯುವ ಜಾಗಕ್ಕೆ ಒಯ್ಯುವ ತನಕ ಮುಟ್ಟಬೇಡಿ. ಧೂಳು ಒರೆಸುವುದು, ಎತ್ತಿ ಬೆಳಕಿಗೆ ಹಿಡಿದು ನೋಡುವುದು, ಬಂದವರಿಗೆಲ್ಲ ತೋರಿಸುವುದು, ಎಲ್ಲವೂ ನಿಷಿದ್ಧ.

ಲಿಸ್ಬನ್ನಿನಿಂದಲೋ ಲಂಡನ್ನಿನಿಂದಲೋ ವಿಮಾನದಲ್ಲಿ ಬೆಂಗಳೂರಿಗೆ ತಂದ ಬಾಟಲಿಯನ್ನು ಆ ವಾರವೇ ತೆರೆಯುವುದು ಬೇಡವೇ ಬೇಡ. ಪ್ರಯಾಣದಲ್ಲಿ ಎದ್ದ ಸಣ್ಣ ಗಷ್ಟು ಒಂದೆರಡು ದಿನಕ್ಕೆ ಕೂರುವುದಿಲ್ಲ. ತಂಪಾದ, ಕತ್ತಲೆಯ ಮೂಲೆಯಲ್ಲಿ ಕೆಲವು ವಾರ ಬಿಡಿ. ಅಡುಗೆಮನೆಯ ಅಟ್ಟ, ಫ್ರಿಜ್ಜಿನ ತಲೆ, ಕಿಟಕಿಯ ಪಕ್ಕದ ಗಾಜಿನ ಕಪಾಟು ಇವುಗಳಲ್ಲಿ ಯಾವುದೂ ಇದಕ್ಕೆ ಜಾಗವಲ್ಲ.

ಇದೇ ದಿನ, ವೈನ್ ಬಸಿದುಕೊಳ್ಳುವ ಗಾಜಿನ ಪಾತ್ರೆಯಾದ ಡಿಕ್ಯಾಂಟರನ್ನೂ ತೊಳೆದಿಡಿ. ಬಿಸಿನೀರಷ್ಟೇ ಸಾಕು, ಸೋಪಿನ ಪುಡಿ, ಪಾತ್ರೆ ತೊಳೆಯುವ ದ್ರವ ಮುಟ್ಟಿಸಬೇಡಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಕೂತಿದ್ದರೆ ವಿನೆಗರ್ ಮತ್ತು ಒಂದು ಹಿಡಿ ಅಕ್ಕಿ ಹಾಕಿ ಆಡಿಸಿ, ಹಲವು ಬಾರಿ ತೊಳೆದು, ತಲೆಕೆಳಗಾಗಿ ಒಣಗಲು ಬಿಡಿ. ಒಣಗಿದ ಮೇಲೆ ಮೂಗಿಟ್ಟು ನೋಡಿ. ಕಪಾಟಿನ ವಾಸನೆ, ಬಟ್ಟೆಯ ವಾಸನೆ ಏನಾದರೂ ಬಂದರೆ ಮತ್ತೆ ತೊಳೆಯಬೇಕು.

ಬಿರಡೆ

ಈ ಕೆಲಸದ ಅತಿ ಕಷ್ಟದ ಭಾಗ ಇದು. ಹಳೆಯ ಪೋರ್ಟ್ ಬಾಟಲಿಯ ಕುತ್ತಿಗೆ ನಡುವೆ ಸ್ವಲ್ಪ ಉಬ್ಬಿರುತ್ತದೆ. ಬಿರಡೆ ಆ ಉಬ್ಬಿನೊಳಗೆ ಹಿಗ್ಗಿ ಕೂತಿರುತ್ತದೆ. ಬಲವಾದ ವೈನಿನಲ್ಲಿ ದಶಕಗಟ್ಟಲೆ ನೆಂದು ಮೆದುವಾಗಿರುತ್ತದೆ. ಎಳೆದರೆ ಕೆಳಗಿನ ಅರ್ಧ ಹಿಡಿದುಕೊಂಡು ಮೇಲಿನ ಅರ್ಧ ಕಿತ್ತು ಬರುತ್ತದೆ. ಇದು ನಿಮ್ಮ ಕೈಯ ದೋಷವಲ್ಲ, ಆಗಿಯೇ ಆಗುವುದೆಂದು ಸಿದ್ಧವಾಗಿರಿ.

ಮಾಡಬೇಕಾದ್ದು: ಬಾಟಲಿಯನ್ನು ಮೇಜಿನ ಮೇಲೆ ನಿಲ್ಲಿಸಿಯೇ ಕೆಲಸ ಮಾಡಿ, ಒಂದು ಕೈ ಕುತ್ತಿಗೆಯನ್ನು ಹಿಡಿದಿರಲಿ. ಅರಗನ್ನು ಚಾಕುವಿನ ಹಿಂಬದಿಯಿಂದ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದು, ಬಾಯಿಯ ಸುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿ. ಎರಡು ತೆಳು ಅಲಗುಗಳಿರುವ ಉಪಕರಣವಿದ್ದರೆ ಅದನ್ನೇ ಬಳಸಿ. ಅಲಗುಗಳನ್ನು ಬಿರಡೆಗೂ ಗಾಜಿಗೂ ನಡುವೆ ಒಂದಾದ ಮೇಲೊಂದು ಅಲುಗಿಸುತ್ತಾ ಇಳಿಸಿ, ಕೊನೆಗೆ ತಿರುವುತ್ತಾ ಮೇಲೆತ್ತಬೇಕು. ತಿರುಪು ಮಾತ್ರ ಇದ್ದರೆ ಅಗಲ ಸುರುಳಿಯ, ಉದ್ದನೆಯ ತಿರುಪನ್ನು ಬಿರಡೆಯ ತಳದ ಹತ್ತಿರದವರೆಗೂ ಇಳಿಸಿ. ಆಮೇಲೆ ಎಳೆತ ಎಷ್ಟು ನಿಧಾನವಾಗಿರಬೇಕೆಂದರೆ ಬಿರಡೆ ಬರುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರಬೇಕು.

ಮಾಡಬಾರದ್ದು: ಬಾಟಲಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಎಳೆಯುವುದು. ಗಾಳಿ ಒತ್ತುವ ಸೂಜಿಯ ಉಪಕರಣ. ಎರಡು ರೆಕ್ಕೆಗಳ ತಿರುಪು. ಅದರ ದಪ್ಪ ಮೊಳೆ ಮೆತ್ತಗಿನ ಬಿರಡೆಯನ್ನು ನಡುವೆ ಕೊರೆದು ಪುಡಿ ಮಾಡುತ್ತದೆ. ಕತ್ತಿಯಿಂದ ಕುತ್ತಿಗೆ ಹಾರಿಸುವ ಆಟ ಶಾಂಪೇನಿನದು, ಇಲ್ಲಿ ಯೋಚನೆಯನ್ನೂ ಮಾಡಬೇಡಿ.

ಅರ್ಧ ಒಳಗೇ ಉಳಿಯಿತೇ? ತಿರುಪನ್ನು ಓರೆಯಾಗಿ ಇಳಿಸಿ ಇನ್ನೊಮ್ಮೆ ಪ್ರಯತ್ನಿಸಿ. ಅದಕ್ಕೂ ಬಾರದೆ ಒಳಕ್ಕೆ ಬಿದ್ದರೆ ಬೀಳಲಿ. ಬಟ್ಟೆಯಲ್ಲಿ ಸೋಸಿದರೆ ವೈನಿಗೆ ಏನೂ ಆಗುವುದಿಲ್ಲ. ಚಮಚ, ಪಿನ್ನು, ಸ್ಕ್ರೂಡ್ರೈವರ್ ಹಾಕಿ ಕೆದಕುತ್ತಾ ಕಾಲು ಗಂಟೆ ಬಾಟಲಿಯನ್ನು ಅಲುಗಿಸುವುದೇ ನಿಜವಾದ ಹಾನಿ.

ಕಾದ ಇಕ್ಕಳದ ಬಗ್ಗೆ

ಪೋರ್ಟೊ ನಗರದ ಮತ್ತು ನದಿಯಾಚೆಯ ವಿಲಾ ನೋವಾ ದ ಗಾಯಾದ ಕೆಲವು ಊಟದ ಮನೆಗಳಲ್ಲಿ ಬಿರಡೆಯ ಗೊಡವೆಗೇ ಹೋಗದೆ ಬಾಟಲಿಯ ಕುತ್ತಿಗೆಯನ್ನೇ ಕತ್ತರಿಸುವ ಕ್ರಮವಿದೆ. ಉದ್ದ ಹಿಡಿಯ ಕಬ್ಬಿಣದ ಇಕ್ಕಳದ ಬಾಯಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬಿರಡೆಯ ತಳಕ್ಕಿಂತ ಕೆಳಗೆ ಕುತ್ತಿಗೆಯನ್ನು ಸುತ್ತಿ ಹಿಡಿಯುತ್ತಾರೆ. ಒಂದು ನಿಮಿಷದ ಹೊತ್ತು ಹಿಡಿದು ತೆಗೆದು, ತಣ್ಣೀರಿನಲ್ಲಿ ಅದ್ದಿದ ಬ್ರಷ್ಷನ್ನೋ ಒದ್ದೆ ಬಟ್ಟೆಯನ್ನೋ ಅದೇ ಗೆರೆಯ ಮೇಲೆ ಆಡಿಸುತ್ತಾರೆ. ಬಿಸಿಗೆ ಹಿಗ್ಗಿದ ಗಾಜು ತಣ್ಣೀರಿಗೆ ಥಟ್ಟನೆ ಕುಗ್ಗಿ ಆ ಗೆರೆಯಲ್ಲೇ ಬಿರುಕು ಬಿಡುತ್ತದೆ. ಕುತ್ತಿಗೆ ಬಿರಡೆಯ ಸಮೇತ ಕೈಗೆ ಬರುತ್ತದೆ. ಬಿರಡೆ ತೀರಾ ಹಳೆಯದಾದಾಗ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಾಣೆ. ವೈನ್ ಅಲುಗುವುದೇ ಇಲ್ಲ.

ಆದರೂ ನಿಯಮ ಹೀಗೆ: ಅಭ್ಯಾಸವಿಲ್ಲದವರು ಅತಿಥಿಗಳ ಮುಂದೆ ಇದಕ್ಕೆ ಕೈ ಹಾಕಬಾರದು. ಮೊದಲು ಖಾಲಿ ಬಾಟಲಿಗಳ ಮೇಲೆ ಕಲಿಯಿರಿ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಕೈಗವಸು ಕಡ್ಡಾಯ. ಮಕ್ಕಳು ಆ ಕೋಣೆಯಲ್ಲಿ ಇರಕೂಡದು. ಅಡುಗೆಮನೆಯ ಸಾದಾ ಇಕ್ಕಳ ಕಾಯಿಸಿ ಹಿಡಿಯುವ ಸಾಹಸ ಬೇಡ. ಕುತ್ತಿಗೆಗೆ ಸುತ್ತಲೂ ಸಮನಾಗಿ ತಾಗದಿದ್ದರೆ ಬಿರುಕು ಎಲ್ಲಿಗೆ ಓಡುತ್ತದೋ ಹೇಳಲಾಗದು. ಹೀಗೆ ತೆರೆದ ವೈನನ್ನು ಬಟ್ಟೆಯಲ್ಲಿ ಸೋಸದೆ ಯಾರಿಗೂ ಕೊಡಬಾರದು. ಕಡಿತ ಎಷ್ಟೇ ನುಣುಪಾಗಿ ಕಂಡರೂ ಸರಿಯೇ, ಗಾಜಿನ ಚೂರಿನ ವಿಷಯದಲ್ಲಿ ರಿಯಾಯಿತಿ ಇಲ್ಲ.

ಬಸಿಯುವುದು

ಬಾಯಿಯ ಒಳ ಅಂಚನ್ನು ಶುಭ್ರವಾದ ಬಟ್ಟೆಯಲ್ಲಿ ಒರೆಸಿ. ಡಿಕ್ಯಾಂಟರಿನ ಬಾಯಿಗೆ ಲಾಳಿಕೆ ಇಟ್ಟು, ಅದರೊಳಗೆ ತೊಳೆದು ಒಣಗಿಸಿದ ತೆಳು ಮಸ್ಲಿನ್ ಬಟ್ಟೆ ಹಾಸಿ. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಬಿಸಿನೀರಲ್ಲಿ ಕುದಿಸಿಕೊಂಡಿರಬೇಕು. ಬಟ್ಟೆ ಇರುವುದು ಬಿರಡೆಯ ಚೂರಿಗಾಗಿ. ಗಷ್ಟನ್ನು ತಡೆಯುವುದು ನಿಮ್ಮ ಕೈ ಮತ್ತು ಕಣ್ಣು. ಕಾಫಿ ಸೋಸುವ ಕಾಗದ ಬೇಡ. ಕಾಗದದ ವಾಸನೆ ವೈನಿಗೆ ಹತ್ತುತ್ತದೆ, ಹರಿವೂ ನಿಂತು ನಿಂತು ಬರುತ್ತದೆ.

ಬಾಟಲಿಯ ಹೆಗಲಿನ ಕೆಳಗೆ ಬೆಳಕಿರಬೇಕು. ಹಿಂದಿನವರು ಮೇಣದ ಬತ್ತಿ ಇಡುತ್ತಿದ್ದರು, ಈಗ ಸಣ್ಣ ಟಾರ್ಚ್ ಅದಕ್ಕಿಂತ ವಾಸಿ. ಹೊಗೆಯಿಲ್ಲ, ಮೇಣದ ವಾಸನೆಯಿಲ್ಲ. ಬೆಳಕು ಗಾಜನ್ನು ದಾಟಿ ನಿಮ್ಮ ಕಣ್ಣಿಗೆ ಬರುವಂತೆ ನಿಲ್ಲಿ. ಗಷ್ಟು ಇಲ್ಲಿಯವರೆಗೆ ಬಂತು ಎಂದು ಕಾಣುವುದು ಈ ಬೆಳಕಿನಲ್ಲಿ ಮಾತ್ರ.

ಇನ್ನು ಬಗ್ಗಿಸಿ. ಒಮ್ಮೆ ಬಗ್ಗಿಸಿದ ಬಾಟಲಿಯನ್ನು ಕೊನೆಯ ತನಕ ನೆಟ್ಟಗೆ ಮಾಡಬಾರದು. ಈ ಸೂಚನೆಯಲ್ಲಿ ಒಂದೇ ಒಂದು ನಿಯಮ ನೆನಪಿಡುವುದಾದರೆ ಇದನ್ನು ನೆನಪಿಡಿ. ನಡುವೆ ನಿಲ್ಲಿಸಿದರೆ ಒಳಗಿನ ವೈನ್ ಹಿಂದಕ್ಕೆ ಅಲೆಯಾಗಿ ಹೋಗಿ ತಳದ ಗಷ್ಟನ್ನೆಲ್ಲ ಎಬ್ಬಿಸುತ್ತದೆ. ಬೇಳೆಕಟ್ಟು ಬಸಿದು ರೂಢಿಯಿರುವ ಕೈಗೆ ಇದು ಹೊಸದಲ್ಲ: ತೆಳು ಧಾರೆ, ಒಂದೇ ವೇಗ. ಬಸಿಯುವವರನ್ನು ಯಾರೂ ಮಾತಾಡಿಸಬಾರದು, ಫೋನ್ ಬಂದರೆ ಬೇರೆಯವರು ತೆಗೆದುಕೊಳ್ಳಲಿ.

ಮುಕ್ಕಾಲು ಪಾಲು ಆದ ಮೇಲೆ ಕಣ್ಣು ಹೆಗಲಿನ ಮೇಲೇ ಇರಲಿ. ಮೊದಲು ತೆಳ್ಳನೆಯ ಹೊಗೆಯಂಥ ಎಳೆಯೊಂದು ಬರುತ್ತದೆ, ಅದರ ಹಿಂದೆಯೇ ಕಪ್ಪು ಪದರಗಳು. ಎಳೆ ಕುತ್ತಿಗೆಗೆ ತಲುಪಿದ ಕ್ಷಣ ನಿಲ್ಲಿಸಿ. 750 ಮಿಲಿಲೀಟರ್ ಬಾಟಲಿಯಲ್ಲಿ 50ರಿಂದ 75 ಮಿಲಿಲೀಟರ್ ಉಳಿದುಹೋಗುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಬೆಲೆಬಾಳುವ ವೈನ್ ಎಂದು ಕೊನೆಯ ಹನಿಗೆ ಆಸೆಪಡಬೇಡಿ. ಆ ಒಂದು ಗುಟುಕು ಉಳಿಸಲು ಹೋಗಿ ಉಳಿದ ಹತ್ತು ಲೋಟವನ್ನು ಬಗ್ಗಡ ಮಾಡಿದವರಿದ್ದಾರೆ. ಉಳಿದದ್ದನ್ನು ಬೇರೆ ಲೋಟಕ್ಕೆ ಹಾಕಿಡಿ. ಮಾಂಸದ ಸಾಸಿಗೋ ಗ್ರೇವಿಗೋ ಅದು ಚೆನ್ನಾಗಿ ಹೊಂದುತ್ತದೆ.

ಬಾಟಲಿಯನ್ನೇ ಮೇಜಿಗೆ ತರಬೇಕೆಂದಿದ್ದರೆ ಅದಕ್ಕೂ ದಾರಿಯಿದೆ. ಖಾಲಿ ಬಾಟಲಿಯನ್ನು ವಾಸನೆಯಿಲ್ಲದ ಕುಡಿಯುವ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು, ನೀರು ಪೂರ್ತಿ ಬಸಿದುಹೋಗಲು ಬಿಟ್ಟು, ತಿಳಿಯನ್ನು ಮತ್ತೆ ಅದಕ್ಕೇ ತುಂಬಬಹುದು. ತೀರಾ ಹಳೆಯ ವೈನಿಗೆ ಮಾತ್ರ ಇದು ಬೇಡ, ಎರಡೆರಡು ಸಲದ ಗಾಳಿ ಅದಕ್ಕೆ ಭಾರ. ಇಕ್ಕಳದಿಂದ ಕತ್ತರಿಸಿದ ಬಾಟಲಿಗಂತೂ ಸಲ್ಲದು.

ಎಷ್ಟು ಹೊತ್ತು ಮೊದಲು

ಬಸಿಯುವುದರ ಮೊದಲ ಉದ್ದೇಶ ಗಷ್ಟು ಬೇರ್ಪಡಿಸುವುದು. ಗಾಳಿಯಾಡಿಸುವುದು ಆಮೇಲಿನ ಮಾತು. ಐವತ್ತು ದಾಟಿದ ವೈನಾದರೆ ಊಟದ ಕೊನೆಗೆ ಬಗ್ಗಿಸುವುದಕ್ಕೆ ಒಂದು ಗಂಟೆಗಿಂತ ಮೊದಲು ಬಸಿಯಬೇಡಿ. ಮೂವತ್ತು ನಲವತ್ತರದಕ್ಕೆ ಎರಡು ಗಂಟೆ. 1994ರದು ಮೂವತ್ತು ದಾಟಿದ್ದರೂ ಗಟ್ಟಿಮುಟ್ಟಾದ ವರ್ಷದ್ದು, ಮೂರು ಗಂಟೆ ಕೊಟ್ಟರೂ ತಡೆದುಕೊಳ್ಳುತ್ತದೆ. 2011ರಂಥ ಎಳೆಯದನ್ನು ತೆರೆಯಲೇಬೇಕೆಂದಿದ್ದರೆ ಬೆಳಗ್ಗೆಯೇ ಬಸಿದಿಡಿ.

ತೆರೆದ ಕೂಡಲೇ ಮಂಕು ವಾಸನೆ ಬಂದರೆ ಚೆಲ್ಲಬೇಡಿ. ದಶಕಗಳ ಕಾಲ ಮುಚ್ಚಿಟ್ಟದ್ದರ ಉಸಿರು ಅದು, ಅರ್ಧ ಗಂಟೆಯಲ್ಲಿ ಹೋಗುತ್ತದೆ. ಒಂದು ಗಂಟೆಯಾದ ಮೇಲೂ ನೆಂದ ರಟ್ಟಿನ ವಾಸನೆ ಬರುತ್ತಲೇ ಇದ್ದರೆ ಬಿರಡೆಯ ರೋಗ ತಗಲಿದೆ. ವಿನೆಗರಿನ ಘಾಟು ಮೂಗಿಗೆ ಹೊಡೆದರೆ ಗಾಳಿಗೆ ಕೆಟ್ಟಿದೆ. ಅಂಥದ್ದನ್ನು ಅತಿಥಿಗಳಿಗೆ ಕೊಡಕೂಡದು. ಎಷ್ಟು ಬೆಲೆಯದಾದರೂ, ಯಾರ ಉಡುಗೊರೆಯಾದರೂ ಸರಿ. ವೈನ್ ಕೆಟ್ಟಿದೆ ಎಂದು ನೇರವಾಗಿ ಹೇಳಿ, ಪಕ್ಕಕ್ಕಿಟ್ಟುಕೊಂಡಿದ್ದ ಟಾನಿಯನ್ನು ತನ್ನಿ. ಗೊತ್ತಿದ್ದೂ ಕೊಟ್ಟರೆ, ಇಷ್ಟವಾಗದೆ ಕುಡಿದ ಅತಿಥಿ ದೋಷ ತನ್ನ ರುಚಿಯದೆಂದು ತಿಳಿದು ಹೋಗುತ್ತಾರೆ. ಅದು ಅವರಿಗೆ ಮಾಡುವ ಅನ್ಯಾಯ.

ಮೇಜಿನಲ್ಲಿ

16ರಿಂದ 18 ಡಿಗ್ರಿ ಸೆಲ್ಸಿಯಸ್. ಹಳೆಯ ಪುಸ್ತಕಗಳಲ್ಲಿ ಕೋಣೆಯ ಉಷ್ಣತೆ ಎಂದಿದ್ದರೆ ಅದು ಇಂಗ್ಲೆಂಡಿನ ಚಳಿಯ ಕೋಣೆ, ನಮ್ಮ ಏಪ್ರಿಲ್ಲಿನದಲ್ಲ. ಬಿಸಿಲ ಕಾಲವಾದರೆ ಡಿಕ್ಯಾಂಟರನ್ನು ತಣ್ಣೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಇಡಿ. ಐಸ್ ತುಂಡನ್ನು ಲೋಟಕ್ಕೆ ಹಾಕುವಂತಿಲ್ಲ.

ಹೆಬ್ಬೆರಳಿನಷ್ಟು ಲೋಟಗಳನ್ನು ತೆಗೆದಿಡಿ. ಬಾಯಿ ಕಿರಿದಾದ, ಹೊಟ್ಟೆಯಿರುವ ವೈನ್ ಲೋಟಕ್ಕೆ ಮೂರನೇ ಒಂದು ಪಾಲು, ಎಂದರೆ 60ರಿಂದ 75 ಮಿಲಿಲೀಟರ್ ಹಾಕಿದರೆ ಪರಿಮಳ ಸುಳಿದಾಡಲು ಜಾಗವಿರುತ್ತದೆ. ಕೋಣೆಯಲ್ಲಿ ಊದಿನಕಡ್ಡಿ, ಸುಗಂಧದ ಮೇಣದ ಬತ್ತಿ ಬೇಡ. ಜೊತೆಗೆ ಬ್ರಿಟನ್ನಿನವರು ಸ್ಟಿಲ್ಟನ್ ಚೀಸ್ ಮತ್ತು ಆಕ್ರೋಟ್ ಇಡುತ್ತಾರೆ, ಪೋರ್ಚುಗಲ್ಲಿನವರು ಸೆರಾ ದ ಎಸ್ಟ್ರೆಲಾ ಬೆಟ್ಟದ ಕುರಿಹಾಲಿನ ಮೆದು ಚೀಸ್. ಅರವತ್ತು ವರ್ಷದ್ದಕ್ಕೆ ಆಕ್ರೋಟ್ ಒಂದೇ ಸಾಕೆಂಬುದು ನನ್ನ ಅಭಿಪ್ರಾಯ. ನೀಲಿ ಚೀಸಿನ ಉಪ್ಪು ಅದರ ಸೂಕ್ಷ್ಮವನ್ನು ತುಳಿದುಬಿಡುತ್ತದೆ.

ಡಿಕ್ಯಾಂಟರನ್ನು ಎಡಗಡೆಗೆ ದಾಟಿಸುವುದು ಇಂಗ್ಲಿಷರ ಪದ್ಧತಿ. ಅದು ಯಾರೊಬ್ಬರ ಮುಂದೆಯೂ ನಿಲ್ಲಬಾರದು. ಮರೆತು ಇಟ್ಟುಕೊಂಡವರನ್ನು ನಾರಿಚ್‌ನ ಬಿಷಪ್ ನಿಮಗೆ ಪರಿಚಯವೇ ಎಂದು ಕೇಳಿ ಎಚ್ಚರಿಸುವ ರೂಢಿ ಅಲ್ಲಿದೆ. ಪದ್ಧತಿ ಚೆಂದದ್ದೇ, ಎಲ್ಲರಿಗೂ ಸಮನಾಗಿ ತಲುಪುತ್ತದೆ. ಆದರೆ ಅದು ಗೊತ್ತಿಲ್ಲದ ಅತಿಥಿಯನ್ನು ಅದೇ ಪ್ರಶ್ನೆಯಿಂದ ಪೇಚಿಗೆ ಸಿಕ್ಕಿಸಬಾರದು. ಮೊದಲೇ ಹೇಳಿ ಶುರುಮಾಡಿ.

ಕುಡಿಯದವರನ್ನು ಒತ್ತಾಯಿಸಬಾರದು, ರುಚಿಗೊಂದು ಹನಿ ಎಂದೂ ಸಹ. ಅವರಿಗೂ ಅಷ್ಟೇ ಕಾಳಜಿಯಿಂದ ಬೇರೆ ಪಾನೀಯ ಸಿದ್ಧವಿರಲಿ. ಇದರಲ್ಲಿ ಸಾಮಾನ್ಯ ವೈನಿಗಿಂತ ಹೆಚ್ಚು ಆಲ್ಕೊಹಾಲ್ ಇದೆ, ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆಯೂ ಇದೆ. ಸಕ್ಕರೆ ಕಾಯಿಲೆಯವರಿಗೆ, ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಇದನ್ನು ಮುಂಚೆಯೇ ತಿಳಿಸಿ. ಕಾರು ಓಡಿಸಬೇಕಾದವರಿಗೆ ಕೊಡಬೇಡಿ.

ಉಳಿದರೆ

ತೀರಾ ಹಳೆಯದನ್ನು ಅದೇ ರಾತ್ರಿ ಮುಗಿಸಬೇಕು, ಮಾರನೆಯ ದಿನಕ್ಕೆ ಅದರ ಪರಿಮಳ ಅರ್ಧವೂ ಇರುವುದಿಲ್ಲ. ಮೂವತ್ತರ ಆಸುಪಾಸಿನದನ್ನು ಚಿಕ್ಕ ಬಾಟಲಿಗೆ ಬಾಯಿಯವರೆಗೂ ತುಂಬಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ. ಸೀಸದ ಕ್ರಿಸ್ಟಲ್ ಡಿಕ್ಯಾಂಟರ್ ಆ ಸಂಜೆಯ ಮಟ್ಟಿಗೆ ಸರಿ. ಅದರಲ್ಲಿ ವೈನ್ ತುಂಬಿಟ್ಟು ವಾರಗಟ್ಟಲೆ ಕಪಾಟಿನಲ್ಲಿ ಮೆರೆಸಬಾರದು, ಸೀಸ ವೈನಿಗೆ ಇಳಿಯುತ್ತದೆ. ಡಿಕ್ಯಾಂಟರನ್ನು ಮಲಗುವ ಮುಂಚೆಯೇ ಬಿಸಿನೀರಲ್ಲಿ ತೊಳೆದು ತಲೆಕೆಳಗಾಗಿ ಇಡಿ; ರಾತ್ರಿ ಬಿಟ್ಟರೆ ತಳದ ಕೆಂಪು ಕಲೆ ಬೆಳಗ್ಗೆ ಸುಲಭವಾಗಿ ಬಿಡುವುದಿಲ್ಲ.